ಸುಡದೆ ಉಳಿದ ಭಾಗ

ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಹೊಗೆ ಹೋಗಿರುತ್ತದೆ, ಬೆಂಕಿ ಆರಿಸಲು ಸುರಿದ ನೀರೂ ಒಣಗಿರುತ್ತದೆ. ಗೋಡೆಗೆ ಹತ್ತಿದ ಮಸಿ ಮತ್ತು ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮಾತ್ರ ಹಾಗೇ ಇರುತ್ತವೆ. ಆ ವಾಸನೆ ಬಟ್ಟೆಗೆ ಹತ್ತಿದರೆ ಎರಡು ಸಲ ಒಗೆದರೂ ಬಿಡುವುದಿಲ್ಲ. ಬಾಗಿಲ ಹತ್ತಿರ ನಾಲ್ಕೈದು ಜನ ಕಾಯುತ್ತಿರುತ್ತಾರೆ. ನಾನಿನ್ನೂ ಬ್ಯಾಗು ಕೆಳಗಿಟ್ಟಿರುವುದಿಲ್ಲ, ಅಷ್ಟರಲ್ಲಿ ಒಬ್ಬರು ಹೇಳಿಬಿಡುತ್ತಾರೆ: "ಶಾರ್ಟ್ ಸರ್ಕ್ಯೂಟ್ ಸರ್."

ವಿದ್ಯುತ್ ಉಪಕರಣಗಳು ಯಾಕೆ ಕೆಟ್ಟವು, ಯಾಕೆ ಸುಟ್ಟವು ಅಂತ ಹುಡುಕುವುದು ನನ್ನ ಕೆಲಸ. ಮೋಟರ್, ಪ್ಯಾನೆಲ್, ಕೇಬಲ್, ಟ್ರಾನ್ಸ್‌ಫಾರ್ಮರ್, ಅಂಗೈಯಗಲದ ಸರ್ಕ್ಯೂಟ್ ಬೋರ್ಡ್, ಎಲ್ಲವೂ ಬರುತ್ತವೆ. ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಅದೇ ಎರಡು ಪದ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಬಹಳಷ್ಟು ಸಲ ಶಾರ್ಟ್ ಸರ್ಕ್ಯೂಟ್ ಆಗಿಯೇ ಇರುತ್ತದೆ. ಆದರೆ ಅದು ಯಾಕೆ ಆಯಿತು ಅನ್ನುವುದು ಆ ಮಾತಿನಲ್ಲಿ ಇಲ್ಲವೇ ಇಲ್ಲ. ಒಬ್ಬರು ತೀರಿಕೊಂಡಾಗ "ಹೃದಯ ನಿಂತುಹೋಯಿತು" ಎಂದು ಬರೆದುಕೊಟ್ಟ ಹಾಗೆ ಅದು. ಹೃದಯ ನಿಂತದ್ದು ನಿಜ. ನಿಂತದ್ದು ಯಾಕೆ?

ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಾನು ನೇರವಾಗಿ ಜಾಸ್ತಿ ಸುಟ್ಟ ಜಾಗಕ್ಕೇ ಹೋಗುತ್ತಿದ್ದೆ. ಎಲ್ಲಿ ಜಾಸ್ತಿ ಕಪ್ಪಾಗಿದೆಯೋ ಅಲ್ಲೇ ಶುರುವಾಗಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಈಗ ಹಾಗೆ ಮಾಡುವುದಿಲ್ಲ. ಜಾಸ್ತಿ ಸುಟ್ಟ ಜಾಗದಲ್ಲಿ ಏನೂ ಉಳಿದಿರುವುದಿಲ್ಲ. ಅಲ್ಲಿ ಏನಿತ್ತು ಅನ್ನುವುದನ್ನು ಬೆಂಕಿಯೇ ತಿಂದುಹಾಕಿರುತ್ತದೆ. ನಾನು ಮೊದಲು ನೋಡುವುದು ಸುಡದೆ ಉಳಿದದ್ದನ್ನು. ಇದನ್ನು ನನಗೆ ಕಲಿಸಿದ್ದು ಒಂದು ಪಂಪ್‌ನ ಮೋಟರ್. ಅದರ ಕತೆಯನ್ನು ಪೂರ್ತಿ ಹೇಳಬೇಕು.

ಮೂರು ಫೇಸ್‌ನ ಮೋಟರ್ ಅದು. ಓಡುವಾಗ ಸುಮಾರು 40 ಆಂಪಿಯರ್ ಎಳೆಯುತ್ತಿತ್ತು. ನಾನು ಹೋಗುವ ಮೊದಲು ನಾಲ್ಕು ಸಲ ಸುಟ್ಟಿತ್ತು, ಮೊದಲ ಮೂರು ಸಲವೂ ರಿವೈಂಡಿಂಗ್ ಆಗಿತ್ತು, ಅಂದರೆ ಒಳಗಿನ ಸುಟ್ಟ ತಂತಿ ತೆಗೆದು ಹೊಸದಾಗಿ ಸುತ್ತಿದ್ದರು. ಮೊದಲ ಸಲ ಸುಟ್ಟಾಗ ಹಳೇ ಮೋಟರ್ ಎಂದರು. ಎರಡನೇ ಸಲ, ರಿವೈಂಡಿಂಗ್ ಮಾಡಿದವರು ಸರಿಯಾದ ತಂತಿ ಹಾಕಿಲ್ಲ ಎಂದರು. ಮೂರನೇ ಸಲ ಬೇರೆಯವರ ಹತ್ತಿರ ಮಾಡಿಸಿದರು. ಅದೂ ಸುಟ್ಟಾಗ ಲೋಡ್ ಜಾಸ್ತಿ ಎಂದರು. ನಾಲ್ಕನೇ ಸಲ ಸುಟ್ಟ ಮೇಲೆ ನನ್ನನ್ನು ಕರೆದರು. ಕರೆದವರಿಗೆ ಬೇಕಿದ್ದದ್ದು ಒಂದೇ: ತಪ್ಪು ರಿವೈಂಡಿಂಗ್ ಮಾಡಿದವರದ್ದು ಎಂಬ ಒಂದು ಪತ್ರ.

ಕವರ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ವೈಂಡಿಂಗ್‌ನ ಕೊನೆಯಲ್ಲಿ ಕಾಯಿಲ್‌ಗಳು ಗುಂಪು ಗುಂಪಾಗಿ ಒಂದರ ಪಕ್ಕ ಒಂದು ಸುತ್ತಲೂ ಕೂತಿರುತ್ತವೆ. ಇಲ್ಲಿ ಒಂದು ಗುಂಪು ಕರಕಲಾಗಿತ್ತು. ಅದರ ಪಕ್ಕದ ಎರಡು ಗುಂಪು ಚೆನ್ನಾಗಿಯೇ ಇದ್ದವು, ವಾರ್ನಿಷ್ ಇನ್ನೂ ಹೊಳೆಯುತ್ತಿತ್ತು. ಆಮೇಲೆ ಮತ್ತೆ ಒಂದು ಕರಕಲು, ಮತ್ತೆ ಎರಡು ಚೆನ್ನಾಗಿರುವುದು. ಸುತ್ತಲೂ ಹೀಗೆ ನಾಲ್ಕು ಕಡೆ, ಅಳೆದಿಟ್ಟ ಹಾಗೆ ಸಮ ಅಂತರದಲ್ಲಿ ಕಪ್ಪು. ನಾಲ್ಕು ಪೋಲ್‌ನ ಮೋಟರ್ ಅದು, ಪ್ರತಿ ಫೇಸ್‌ಗೆ ನಾಲ್ಕು ಕಾಯಿಲ್ ಗುಂಪು. ಅಂದರೆ ಮೂರು ಫೇಸ್‌ಗಳಲ್ಲಿ ಒಂದು ಫೇಸ್‌ನ ನಾಲ್ಕೂ ಗುಂಪು ಸುಟ್ಟಿವೆ, ಉಳಿದ ಎರಡು ಫೇಸ್‌ಗೆ ಬಿಸಿಯೇ ತಾಗಿಲ್ಲ.

ಅದನ್ನು ನೋಡುತ್ತಾ ತುಂಬ ಹೊತ್ತು ಅಲ್ಲೇ ಕೂತಿದ್ದೆ. ಲೋಡ್ ಜಾಸ್ತಿಯಾಗಿದ್ದರೆ ಮೂರು ಫೇಸ್‌ಗಳೂ ಒಂದೇ ಸಮ ಕಪ್ಪಾಗಬೇಕಿತ್ತು. ತಂತಿ ಕಳಪೆಯಾಗಿದ್ದರೆ, ವಾರ್ನಿಷ್ ಸರಿಯಿಲ್ಲದಿದ್ದರೆ, ಎಲ್ಲೋ ಒಂದು ಕಡೆ ಸಿಡಿದು ಅಲ್ಲೇ ಗುಳಿ ಬೀಳಬೇಕಿತ್ತು. ಇಷ್ಟು ಅಚ್ಚುಕಟ್ಟಾಗಿ ಮೂರರಲ್ಲಿ ಒಂದು ಭಾಗ ಮಾತ್ರ ಸುಡುವುದಕ್ಕೆ ಕಾರಣ ಬೇರೆ. ಮೋಟರ್‌ಗೆ ಬರುವ ಮೂರು ಲೈನ್‌ಗಳಲ್ಲಿ ಒಂದು ಕೈಕೊಟ್ಟಿದೆ. ಎರಡೇ ಲೈನಿನ ಮೇಲೆ ಅದು ಓಡಿದೆ. ನಮ್ಮ ಕೆಲಸದವರು ಇದಕ್ಕೆ ಸಿಂಗಲ್ ಫೇಸಿಂಗ್ ಅನ್ನುತ್ತಾರೆ.

ಇದು ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಮೋಟರ್‌ನ ವೈಂಡಿಂಗ್ ಡೆಲ್ಟಾದಲ್ಲಿತ್ತು, ಅಂದರೆ ಮೂರು ಫೇಸ್‌ಗಳನ್ನು ತ್ರಿಕೋನದ ಹಾಗೆ ಜೋಡಿಸಿತ್ತು. ಒಂದು ಲೈನ್ ಹೋದರೆ ಉಳಿದ ಎರಡು ಲೈನ್‌ಗಳ ನಡುವೆ ಒಂದು ಫೇಸ್ ನೇರವಾಗಿ ಸಿಕ್ಕಿಬೀಳುತ್ತದೆ. ಮಿಕ್ಕ ಎರಡು ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ. ಒಂಟಿಯಾಗಿ ಸಿಕ್ಕಿದ ಫೇಸ್‌ನಲ್ಲಿ ಕರೆಂಟ್ ಮಿಕ್ಕವುಗಳ ಎರಡರಷ್ಟು ಹರಿಯುತ್ತದೆ. ಬಿಸಿ ಕರೆಂಟ್‌ನ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ, ಆದ್ದರಿಂದ ಅದರ ಬಿಸಿ ನಾಲ್ಕರಷ್ಟು. ಸುಡುವುದು ಅದೊಂದೇ. ಇದೇ ಮೋಟರ್ ಸ್ಟಾರ್‌ನಲ್ಲಿ ಇದ್ದಿದ್ದರೆ, ಅಂದರೆ ಮೂರು ಫೇಸ್‌ಗಳ ಒಂದೊಂದು ತುದಿಯನ್ನು ನಡುವೆ ಒಂದೇ ಕಡೆ ಕೂಡಿಸಿದ್ದರೆ, ಚಿತ್ರ ತಿರುಗಿಬೀಳುತ್ತಿತ್ತು. ಎರಡು ಫೇಸ್ ಸುಟ್ಟು ಒಂದು ಹೊಸದರ ಹಾಗೆ ಉಳಿಯುತ್ತಿತ್ತು. ಇದಕ್ಕೆ ಮೀಟರ್ ಬೇಡ, ಲ್ಯಾಬ್ ಬೇಡ. ಯಾವ ಕಾಯಿಲ್ ಚೆನ್ನಾಗಿದೆ ಅಂತ ಎಣಿಸಿದರೆ ಸಾಕು. ಸುಟ್ಟದ್ದನ್ನು ಮಾತ್ರ ನೋಡುತ್ತಿದ್ದ ಮೂರು ಸಲದಲ್ಲೂ ಯಾರೂ ಚೆನ್ನಾಗಿದ್ದದ್ದನ್ನು ಎಣಿಸಿರಲಿಲ್ಲ.

ಇಲ್ಲಿಗೆ ಮೋಟರ್ ಕತೆ ಮುಗಿಯಿತು. ಅದು ಏಟು ತಿಂದದ್ದು, ಏಟು ಕೊಟ್ಟದ್ದು ಬೇರೆ ಎಲ್ಲೋ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಮೂರು ಸಲ ಮೋಟರ್ ಬಿಚ್ಚಿ ಕಟ್ಟಿದ್ದರು. ನಾನು ಕೇಬಲ್ ಹಿಡಿದು ಹಿಂದಕ್ಕೆ ಹೋದೆ. ಮೋಟರ್‌ನ ಟರ್ಮಿನಲ್, ಕೇಬಲ್, ಪ್ಯಾನೆಲ್, ಓವರ್‌ಲೋಡ್ ರಿಲೇ, ಕಾಂಟ್ಯಾಕ್ಟರ್, ಫ್ಯೂಸ್. ಕಾಂಟ್ಯಾಕ್ಟರ್ ಅಂದರೆ ಮೋಟರ್‌ಗೆ ಕರೆಂಟ್ ಹಾಕಿ ತೆಗೆಯುವ ದೊಡ್ಡ ಸ್ವಿಚ್. ಓವರ್‌ಲೋಡ್ ರಿಲೇ ಅಂದರೆ ಕರೆಂಟ್ ಮಿತಿ ಮೀರಿದರೆ ಟ್ರಿಪ್ ಆಗಿ ಮೋಟರ್ ನಿಲ್ಲಿಸುವುದು. ಅಲ್ಲಿನ ಎಲೆಕ್ಟ್ರಿಷಿಯನ್ ಹುಡುಗ ನನ್ನ ಜೊತೆಗೇ ಬಂದ. "ಇದನ್ನೆಲ್ಲ ನಾನು ಚೆಕ್ ಮಾಡಿದ್ದೀನಿ ಸರ್, ಎಲ್ಲಾ ಕಡೆ ಬೀಪ್ ಬರ್ತಿದೆ" ಎಂದ. ಮಲ್ಟಿಮೀಟರ್ ಇಟ್ಟು ನನಗೂ ತೋರಿಸಿದ. ಕಾಂಟ್ಯಾಕ್ಟರ್‌ನ ಮೂರೂ ಪೋಲ್‌ಗಳಲ್ಲಿ, ಅಂದರೆ ಒಂದೊಂದು ಲೈನ್‌ಗೆ ಒಂದೊಂದರಂತೆ ಇರುವ ಸಂಪರ್ಕಗಳಲ್ಲಿ, ಬೀಪ್ ಬಂತು.

ಆ ಬೀಪ್ ಎಷ್ಟೋ ಜನರನ್ನು ದಾರಿ ತಪ್ಪಿಸಿದೆ. ಮೀಟರ್ ಆ ಪರೀಕ್ಷೆಗೆ ಕಳಿಸುವುದು ಒಂದೆರಡು ಮಿಲಿ ಆಂಪಿಯರ್ ಅಷ್ಟೇ. ಮೋಟರ್ ಓಡುವಾಗ ಅದೇ ದಾರಿಯಲ್ಲಿ ಹೋಗಬೇಕಾದದ್ದು ಅದರ ಹತ್ತಾರು ಸಾವಿರ ಪಟ್ಟು. ಕಾಲುದಾರಿಯಲ್ಲಿ ಒಬ್ಬ ಮನುಷ್ಯ ದಾಟಿದ ಅಂತ ಲಾರಿಯೂ ದಾಟುತ್ತದೆ ಎನ್ನಲಾಗುತ್ತದೆಯೇ? ಲೋಡ್ ಇರುವಾಗ ಆ ಪೋಲ್‌ನ ಈ ಕಡೆಗೂ ಆ ಕಡೆಗೂ ನಡುವೆ ಎಷ್ಟು ವೋಲ್ಟ್ ನಷ್ಟವಾಗುತ್ತದೆ ಎಂದು ಅಳೆಯಬೇಕು. ಬದಲಿ ಮೋಟರ್ ಕೂರಿಸಿ ಓಡಿಸಿದೆವು. ಕೈಗವಸು, ಮುಖಕ್ಕೆ ಶೀಲ್ಡ್, ಪಕ್ಕದಲ್ಲಿ ಸ್ವಿಚ್ ಮೇಲೆ ಕೈ ಇಟ್ಟುಕೊಂಡ ಇನ್ನೊಬ್ಬರು. ಇದರಲ್ಲಿ ನಾನು ಎಂದೂ ರಾಜಿ ಮಾಡಿಕೊಳ್ಳುವುದಿಲ್ಲ. ಮೊದಲ ಪೋಲ್‌ನಲ್ಲಿ 30 ಮಿಲಿ ವೋಲ್ಟ್. ಎರಡನೆಯದರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಮೂರನೆಯದರಲ್ಲಿ 1.2 ವೋಲ್ಟ್, ಅದೂ ನಿಲ್ಲದೆ ಮೇಲೆ ಕೆಳಗೆ ಆಡುತ್ತಿತ್ತು.

1.2 ವೋಲ್ಟ್ ಕೇಳುವುದಕ್ಕೆ ಏನೂ ಅಲ್ಲ. 40 ಆಂಪಿಯರ್‌ನಿಂದ ಗುಣಿಸಿ ನೋಡಿ. 48 ವಾಟ್. ಬೆಸುಗೆ ಹಾಕುವ 25 ವಾಟ್‌ನ ಸಾಲ್ಡರಿಂಗ್ ಐರನ್ ಸೀಸವನ್ನು ಕರಗಿಸುತ್ತದೆ. ಅಂಥ ಎರಡು ಐರನ್‌ಗಳ ಬಿಸಿ ಉಗುರಿನಷ್ಟು ಜಾಗದಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ದಿನಗಟ್ಟಲೆ. ಪಕ್ಕದ ಎರಡು ಪೋಲ್‌ಗಳಲ್ಲಿ ಬಿಸಿ ಒಂದೂಕಾಲು ವಾಟ್ ಕೂಡ ಇರಲಿಲ್ಲ. ಕಾಂಟ್ಯಾಕ್ಟರ್ ಬಿಚ್ಚಿದಾಗ ಎರಡು ಪೋಲ್‌ಗಳ ಬೆಳ್ಳಿ ತುದಿಗಳು ಮಾಸಿದ್ದರೂ ಪೂರ್ತಿ ಇದ್ದವು. ಮೂರನೆಯದರಲ್ಲಿ ಬೆಳ್ಳಿ ಸವೆದು, ಕೆಳಗಿನ ತಾಮ್ರ ಕಾಣುತ್ತಿತ್ತು. ಅದರ ಸ್ಪ್ರಿಂಗ್ ಬಿಸಿಗೆ ಸತ್ತುಹೋಗಿತ್ತು, ಬೆರಳಲ್ಲಿ ಒತ್ತಿದರೆ ಗೊತ್ತಾಗುತ್ತಿತ್ತು. ತಣ್ಣಗಿದ್ದಾಗ ಆ ಪೋಲ್ ಹೇಗೋ ಕೂಡುತ್ತಿತ್ತು. ಕಾದ ಮೇಲೆ ಬಿಡುತ್ತಿತ್ತು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಒಂದು ಲೈನ್ ಹೋದರೆ ಉಳಿದ ಎರಡರಲ್ಲಿ ಕರೆಂಟ್ ಸುಮಾರು 1.73 ಪಟ್ಟು ಏರುತ್ತದೆ. ಓವರ್‌ಲೋಡ್ ರಿಲೇ ಇರುವುದೇ ಅದಕ್ಕಲ್ವಾ? ಅದು ಯಾಕೆ ಟ್ರಿಪ್ ಆಗಲಿಲ್ಲ? ರಿಲೇಯ ಮೇಲೆ ಒಂದು ಚಿಕ್ಕ ಡಯಲ್ ಇರುತ್ತದೆ. ಅದು ಮೋಟರ್‌ನ ಕರೆಂಟ್‌ಗೆ ಹೊಂದಿರಬೇಕು. ಇಲ್ಲಿ ಅದನ್ನು ಕೊನೆಯವರೆಗೆ ತಿರುಗಿಸಿ ಇಟ್ಟಿದ್ದರು. ಡಯಲ್‌ನ ಸುತ್ತ ಧೂಳು ಕೂತಿತ್ತು. ಮೊದಲು ಡಯಲ್‌ನ ಮುಳ್ಳು ಇದ್ದ ಜಾಗದಲ್ಲಿ ಮಾತ್ರ ಧೂಳು ತೆಳ್ಳಗಿತ್ತು. ತಿರುಗಿಸಿ ತುಂಬ ಕಾಲ ಆಗಿಲ್ಲ ಎಂದು ಅದರಿಂದಲೇ ತಿಳಿಯಿತು.

ಆ ಪಂಪ್ ನೋಡಿಕೊಳ್ಳುತ್ತಿದ್ದವರು ವಯಸ್ಸಾದವರು. ಅಷ್ಟು ಹೊತ್ತೂ ಒಂದು ಮೂಲೆಯಲ್ಲಿ ನಿಂತು ನೋಡುತ್ತಿದ್ದರು. ಯಾರೂ ಅವರನ್ನು ಏನೂ ಕೇಳಿರಲಿಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ಹತ್ತಿರ ಹೋಗಿ, "ನೀವು ದಿನಾ ಇದರ ಜೊತೆ ಇರುವವರು. ಸುಡುವ ಮೊದಲು ಏನಾದರೂ ಬೇರೆ ಥರ ಅನ್ನಿಸಿತ್ತಾ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸದ್ದು ಬೇರೆ ಆಗ್ತಿತ್ತು ಸಾರ್. ಗುಂಯ್ ಅಂತ ಇರ್ತಿದ್ದದ್ದು ಒಮ್ಮೊಮ್ಮೆ ಗರ್ ಅನ್ನೋದು. ಹೇಳಿದ್ದೆ, ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ" ಎಂದರು. ಎರಡು ಲೈನ್ ಮೇಲೆ ಓಡುವ ಮೋಟರ್ ಹಾಗೇ ಗೊಣಗುತ್ತದೆ. ಅವರು ಹೇಳಿದ್ದು ಅಕ್ಷರಶಃ ಸರಿ ಇತ್ತು.

ಲಾಗ್ ಪುಸ್ತಕ ತರಲು ಹೇಳಿದೆ. ಅವರದೇ ಕೈಬರಹದಲ್ಲಿ ಇತ್ತು: "ಓವರ್‌ಲೋಡ್ ಟ್ರಿಪ್, ರೀಸೆಟ್ ಮಾಡಿದೆ." ಎರಡು ದಿನ ಬಿಟ್ಟು ಮತ್ತೆ ಅದೇ ಸಾಲು. ಒಂದು ತಿಂಗಳಲ್ಲಿ ಹನ್ನೊಂದು ಸಲ. ಹನ್ನೊಂದನೆಯದಾದ ಮೇಲೆ ಟ್ರಿಪ್ ನಿಂತಿದೆ. ಡಯಲ್ ತಿರುಗಿದ್ದು ಅವತ್ತೇ. ನಾನು ಕೇಳಲಿಲ್ಲ, ಅವರೇ ಹೇಳಿದರು. ಪ್ರತಿ ಸಲ ಪಂಪ್ ನಿಂತಾಗಲೂ ಬೈಗುಳ ಬೀಳುತ್ತಿದ್ದದ್ದು ಅವರಿಗೇ. ಯಾರೋ ಬಂದು ಹೀಗೆ ತಿರುಗಿಸಿದರೆ ಟ್ರಿಪ್ ಆಗಲ್ಲ ಎಂದು ತೋರಿಸಿಕೊಟ್ಟಿದ್ದರು.

ನನ್ನ ವರದಿಯಲ್ಲಿ ಡಯಲ್ ಬಗ್ಗೆ ಬರೆದೆ, ಬರೆಯಲೇಬೇಕು. ಅದರ ಮುಂದೆಯೇ ಆ ಹನ್ನೊಂದು ಸಾಲುಗಳನ್ನೂ ಸೇರಿಸಿದೆ. ರಿಲೇ ತನ್ನ ಕೆಲಸ ಹನ್ನೊಂದು ಸಲ ಮಾಡಿತ್ತು, ಆಪರೇಟರ್ ಅದನ್ನು ಹನ್ನೊಂದು ಸಲ ಬರೆದಿಟ್ಟಿದ್ದರು, ಓದಬೇಕಾದವರು ಒಂದು ಸಲವೂ ಓದಲಿಲ್ಲ. ರಿವೈಂಡಿಂಗ್ ಮಾಡಿದವರ ಮೇಲೆ ಏನೂ ಬರೆಯಲಿಲ್ಲ. ನನ್ನನ್ನು ಕರೆದವರಿಗೆ ಇದು ಹಿಡಿಸಲಿಲ್ಲ. ಹಿಡಿಸಬೇಕು ಅಂತ ನಾನು ಬರೆಯುವುದೂ ಇಲ್ಲ.

* * *

ಬೆಂಕಿ ಬಿದ್ದ ಜಾಗಗಳಲ್ಲಿ ಕೆಲಸ ಇದಕ್ಕಿಂತ ಕಷ್ಟ. ಅಲ್ಲಿ ಚೆನ್ನಾಗಿ ಉಳಿದಿರುವುದು ಕಡಿಮೆ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ಗೆ, ಅಲ್ಯೂಮಿನಿಯಂ 660ಕ್ಕೆ. ಬೆಂಕಿ ಆರಿದ ಮೇಲೆ ಅಲ್ಯೂಮಿನಿಯಂ ನೆಲದ ಮೇಲೆ ಹೆಪ್ಪುಗಟ್ಟಿದ ಗಟ್ಟಿಗಳಾಗಿ ಸಿಗುತ್ತದೆ, ತಾಮ್ರ ಸಾಮಾನ್ಯವಾಗಿ ತಂತಿಯಾಗಿಯೇ ಉಳಿಯುತ್ತದೆ. ಆ ತಂತಿಯನ್ನು ಬೆರಳ ನಡುವೆ ನಿಧಾನವಾಗಿ ಎಳೆಯುತ್ತಾ ಹೋಗುತ್ತೇನೆ. ಎಲ್ಲೋ ಒಂದು ಕಡೆ ಬೆರಳಿಗೆ ಒಂದು ಗುಂಡು ತಡೆಯುತ್ತದೆ. ಸಾಸಿವೆಯಷ್ಟು, ಕೆಲವು ಸಲ ಕಡಲೆಕಾಳಿನಷ್ಟು. ಲೆನ್ಸ್ ಹಿಡಿದು ನೋಡಿದರೆ ನುಣ್ಣಗೆ, ದುಂಡಗೆ ಇರುತ್ತದೆ. ಅದರ ಹಿಂದೆಯೇ, ಗೆರೆ ಎಳೆದ ಹಾಗೆ, ತಂತಿ ಮೊದಲಿನಂತೆಯೇ ಇರುತ್ತದೆ. ತಂತಿ ತಯಾರಿಸುವಾಗ ಬಿದ್ದ ಸಣ್ಣ ಗೀರುಗಳೂ ಅಳಿಸಿರುವುದಿಲ್ಲ. ಕರಗಿದ ಭಾಗಕ್ಕೂ ಕರಗದ ಭಾಗಕ್ಕೂ ನಡುವೆ ಹೀಗೆ ಚೂಪಾದ ಗಡಿ ಇದ್ದರೆ ಅದು ಆರ್ಕ್‌ನ, ಅಂದರೆ ಹಾರಿದ ವಿದ್ಯುತ್ ಕಿಡಿಯ, ಕೆಲಸ. ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಡಿಗ್ರಿ ಒಂದೇ ಬಿಂದುವಿಗೆ ಬಿದ್ದು ಮುಗಿದಿದೆ. ಬೆಂಕಿಯ ಬಿಸಿಗೆ ಕರಗಿದ ತಂತಿ ಹೀಗಿರುವುದಿಲ್ಲ. ಅದು ಉದ್ದಕ್ಕೂ ಜೋಲುತ್ತದೆ, ಕೆಲವು ಕಡೆ ಸಣ್ಣಗಾಗುತ್ತದೆ, ಕೆಲವು ಕಡೆ ಹನಿಯಾಗಿ ನಿಲ್ಲುತ್ತದೆ. ಗಡಿ ಎಲ್ಲಿ ಎಂದು ಹೇಳಲು ಆಗುವುದಿಲ್ಲ.

ಕಣ್ಣಿಗೆ ಮೋಸ ಮಾಡುವ ಇನ್ನೊಂದು ಗುರುತೂ ಇದೆ. ಕರಗಿದ ಅಲ್ಯೂಮಿನಿಯಂ ತಾಮ್ರದ ಮೇಲೆ ತೊಟ್ಟಿಕ್ಕಿದರೆ ಎರಡೂ ಬೆರೆತುಹೋಗುತ್ತವೆ. ಆ ಮಿಶ್ರಣ ಕರಗಲು 548 ಡಿಗ್ರಿ ಸಾಕು. ಬೆಂಕಿ ತಾಮ್ರ ಕರಗುವಷ್ಟು ಬಿಸಿ ಆಗದಿದ್ದರೂ ತಂತಿ ತಿಂದುಹಾಕಿದ ಹಾಗೆ ತುಂಡಾಗಿರುತ್ತದೆ. ನೋಡಿದ ತಕ್ಷಣ "ಇಲ್ಲೇ ಶಾರ್ಟ್ ಆಗಿದೆ" ಅನ್ನಿಸುತ್ತದೆ. ಮುರಿದ ಜಾಗ ಬೆಳ್ಳಗೆ, ಪೆಡಸಾಗಿ ಇದೆಯಾ ಅಂತ ನೋಡದೆ ನಾನು ಏನೂ ಹೇಳುವುದಿಲ್ಲ.

ಸರಿ, ನಿಜವಾದ ಆರ್ಕ್ ಗುಂಡೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಬೆಂಕಿ ಅಲ್ಲಿಂದಲೇ ಹತ್ತಿತೇ? ಹಾಗೆ ಹೇಳಲು ಬರುವುದಿಲ್ಲ. ಬೇರೆ ಎಲ್ಲೋ ಹತ್ತಿದ ಬೆಂಕಿ ಕರೆಂಟ್ ಇರುವ ವಯರ್‌ಗೆ ತಾಗಿದರೆ ಅದರ ಪ್ಲಾಸ್ಟಿಕ್ ಸುಟ್ಟು ತಂತಿಗಳು ಒಂದಕ್ಕೊಂದು ತಾಗುತ್ತವೆ, ಅಲ್ಲೂ ಅಂಥದೇ ಗುಂಡು ಹುಟ್ಟುತ್ತದೆ. ಗುಂಡನ್ನು ನೋಡಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಖಚಿತವಾಗಿ ಹೇಳುವ ಒಪ್ಪಿತ ವಿಧಾನ ಇಲ್ಲ. ಆ ಗುಂಡು ನನಗೆ ಹೇಳುವುದು ಇಷ್ಟೇ: ಆ ಹೊತ್ತಿಗೆ ಈ ವಯರ್‌ನಲ್ಲಿ ಕರೆಂಟ್ ಇತ್ತು. ಅದೂ ದೊಡ್ಡ ವಿಷಯವೇ. ಇಲ್ಲಿಯವರೆಗೆ ಕರೆಂಟ್ ಬಂದಿತ್ತು ಅಂದರೆ ಇದಕ್ಕಿಂತ ಹಿಂದಿನ ವಯರ್ ಇನ್ನೂ ಕಡಿದಿರಲಿಲ್ಲ. ಹೀಗೆ ಒಂದೊಂದೇ ಹೆಜ್ಜೆ. ನೋಡುತ್ತಾ ನಿಂತವರಿಗೆ ಇದು ಬಹಳ ನಿಧಾನ ಅನ್ನಿಸುತ್ತದೆ. ಅವರ ಅವಸರ ನನಗೆ ಅರ್ಥವಾಗುತ್ತದೆ, ಅವರ ಬದುಕೇ ಅಲ್ಲಿ ಬೂದಿಯಾಗಿರುತ್ತದೆ. ಆದರೂ ಅವರಿಗೆ ನೆಮ್ಮದಿ ಆಗಲಿ ಅಂತ ಗೊತ್ತಿಲ್ಲದ್ದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ವಯರ್‌ನ ಹೊದಿಕೆ ಚೂರೇ ಉಳಿದಿದ್ದರೂ ನನಗೆ ಖುಷಿ. ಹೊರಗಿನ ಬೆಂಕಿಗೆ ಸುಟ್ಟ ಹೊದಿಕೆ ಹೊರಗಿನಿಂದ ಒಳಕ್ಕೆ ಕರಕಲಾಗುತ್ತದೆ. ವಯರ್ ತಾನೇ ಒಳಗಿನಿಂದ ಕಾದಿದ್ದರೆ ಹೊದಿಕೆ ತಂತಿಯಿಂದ ಬಿಟ್ಟುಕೊಂಡು, ತೋಳಿನ ಮೇಲೆ ಸಡಿಲವಾದ ಅಂಗಿ ಜಾರಿದ ಹಾಗೆ ಜಾರುತ್ತದೆ. ಒಂದು ಇಂಚು ಹೊದಿಕೆ ಉಳಿದರೂ ಅದು ಸಾಕ್ಷಿ. ಅದಕ್ಕೇ ನಾನು ಎಲ್ಲರನ್ನೂ ಬೇಡಿಕೊಳ್ಳುವುದು: ದಯವಿಟ್ಟು ಗುಡಿಸಬೇಡಿ, ತೊಳೆಯಬೇಡಿ, ಸಡಿಲವಾದ ಸ್ಕ್ರೂ ಕಂಡರೆ ಬಿಗಿ ಮಾಡಬೇಡಿ. ಒಳ್ಳೆಯ ಮನಸ್ಸಿನಿಂದಲೇ ಜನ ಹಾಗೆ ಮಾಡುತ್ತಾರೆ. ಆ ಸ್ಕ್ರೂ ಎಷ್ಟು ಸಡಿಲವಾಗಿತ್ತು ಅನ್ನುವುದು ಒಂದು ಸಲ ತಿರುಗಿಸಿದ ಮೇಲೆ ಈ ಲೋಕದಲ್ಲಿ ಯಾರಿಗೂ ಸಿಗುವುದಿಲ್ಲ.

ಸಡಿಲ ಸ್ಕ್ರೂ ಬಗ್ಗೆ ಒಂದು ಮಾತು ಹೇಳಲೇಬೇಕು. ಸರ್ಕ್ಯೂಟ್ ಬ್ರೇಕರ್ ಇದೆ, ಏನಾದರೂ ಆದರೆ ಟ್ರಿಪ್ ಆಗುತ್ತದೆ ಎಂದು ಜನ ನಂಬಿರುತ್ತಾರೆ. ಸಾಮಾನ್ಯ ಬ್ರೇಕರ್ ನೋಡುವುದು ಕರೆಂಟ್ ಜಾಸ್ತಿ ಆಯಿತೇ ಅಂತ ಮಾತ್ರ. ಲೂಸ್ ಕನೆಕ್ಷನ್‌ನಲ್ಲಿ ಕರೆಂಟ್ ಜಾಸ್ತಿ ಆಗುವುದೇ ಇಲ್ಲ. 10 ಆಂಪಿಯರ್ ಎಳೆಯುವ ಹೀಟರ್ 10 ಆಂಪಿಯರ್ ಅನ್ನೇ ಎಳೆಯುತ್ತಿರುತ್ತದೆ, ಬ್ರೇಕರ್ ಪಾಲಿಗೆ ಎಲ್ಲವೂ ಸರಿಯಾಗಿಯೇ ಇದೆ. ಸ್ಕ್ರೂ ಕೆಳಗೆ ಮಾತ್ರ ತಾಮ್ರಕ್ಕೆ ಆಕ್ಸೈಡ್ ಹತ್ತಿ, ಬಿಸಿ ಏರಿ, ಬಿಸಿಗೆ ಆಕ್ಸೈಡ್ ಇನ್ನೂ ಬೆಳೆದು, ಕೊನೆಗೆ ಕತ್ತಲಲ್ಲಿ ನೋಡಿದರೆ ಕೆಂಪಗೆ ಹೊಳೆಯುವ ಒಂದು ಎಳೆ ಆಗಿರುತ್ತದೆ. ಇದು ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುತ್ತದೆ. ಸ್ವಿಚ್ ಹಳದಿಯಾಗುವುದು, ಪ್ಲಗ್ ಬಿಸಿಯಾಗುವುದು, ಮೀನು ಕೊಳೆತಂಥ ವಾಸನೆ, ಲೈಟ್ ಮಿಣುಕುವುದು, ಇವೆಲ್ಲ ಅದರ ಮುನ್ಸೂಚನೆಗಳು. ಮನೆಯಲ್ಲಿ ಇಂಥದ್ದು ಕಂಡರೆ ನಾಳೆ ನೋಡೋಣ ಎನ್ನಬೇಡಿ. ಆ ಲೈನ್ ಆಫ್ ಮಾಡಿ, ಕೆಲಸ ಗೊತ್ತಿರುವವರನ್ನು ಕರೆಸಿ.

* * *

ನಾನೂ ಒಂದು ಸಲ ತಪ್ಪು ಬರೆದುಕೊಟ್ಟಿದ್ದೇನೆ. ರಾತ್ರಿ ಸಿಡಿಲು ಮಳೆ. ಮರುದಿನ ಬೆಳಿಗ್ಗೆ ಒಂದು ಕಂಟ್ರೋಲ್ ಯೂನಿಟ್ ಸತ್ತಿತ್ತು. ಒಳಗೆ ಪವರ್ ಸಪ್ಲೈ ಬೋರ್ಡ್ ಒಂದು ಕಡೆ ಸುಟ್ಟಿತ್ತು. ಸಿಡಿಲಿನ ಸರ್ಜ್, ಅಂದರೆ ಲೈನಿನಲ್ಲಿ ಒಮ್ಮೆಲೇ ಏರಿದ ವೋಲ್ಟೇಜ್, ಎಂದು ಬರೆದೆ. ಎಲ್ಲರೂ ಒಪ್ಪಿದರು, ಯಾರಿಗೂ ಬೇಸರವಾಗಲಿಲ್ಲ. ಸಿಡಿಲಿನ ಮೇಲೆ ಯಾರು ತಕರಾರು ಮಾಡುತ್ತಾರೆ? ಮೂರು ತಿಂಗಳ ನಂತರ ಅದೇ ಥರದ ಇನ್ನೊಂದು ಯೂನಿಟ್ ಅದೇ ಜಾಗದಲ್ಲಿ ಸುಟ್ಟಿತು. ಅವತ್ತು ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಈ ಸಲ ಬೋರ್ಡನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟೆ. ಒಂದು ಭಾರದ ಟ್ರಾನ್ಸ್‌ಫಾರ್ಮರ್‌ನ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಉಂಗುರ ಕಂಡಿತು. ಬಿರುಕು. ಯೂನಿಟ್ ದಿನಾ ಕಾದು, ದಿನಾ ತಣ್ಣಗಾಗಿ, ಕಾಲು ಮತ್ತು ಬೋರ್ಡ್ ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿ ಕುಗ್ಗಿ, ನಡುವಿನ ಬೆಸುಗೆ ಸುಸ್ತಾಗಿ ಸೀಳಿತ್ತು. ಆ ಸೀಳಿನಲ್ಲಿ ಕಿಡಿ ಹಾರಿ ಬೋರ್ಡ್ ಸುಟ್ಟಿತ್ತು. ಆಮೇಲೆ ನನ್ನ ಹಳೆಯ ಫೈಲ್ ತೆಗೆದೆ. ಮೊದಲ ಬೋರ್ಡಿನ ಫೋಟೋಗಳಿದ್ದವು, ನಾನೇ ತೆಗೆದದ್ದು. ಸುಟ್ಟ ಜಾಗ ನಡುವೆ ಇತ್ತು. ಫೋಟೋದ ಅಂಚಿನಲ್ಲಿ, ಸುಡದೆ ಉಳಿದ ಇನ್ನೊಂದು ಕಾಲಿನ ಸುತ್ತ ಅದೇ ಉಂಗುರ ಅರೆಬರೆ ಕಾಣುತ್ತಿತ್ತು. ಅವತ್ತೇ ನನ್ನ ಕಣ್ಣೆದುರಿಗಿತ್ತು. ಸಿಡಿಲು ಅಂತ ಮನಸ್ಸಿನಲ್ಲಿ ಕೂತ ಮೇಲೆ ನಾನು ಅಂಚಿನ ಕಡೆ ನೋಡಲೇ ಇಲ್ಲ. ಮೊದಲ ವರದಿ ತಪ್ಪು ಎಂದು ಬರೆದು ಕಳಿಸಿದೆ. ಅದನ್ನು ಬರೆಯುವಾಗ ಕೈ ಭಾರವಾಗಿತ್ತು, ಆದರೆ ಕಳಿಸಿದ ಮೇಲೆ ರಾತ್ರಿ ನಿದ್ದೆ ಬಂತು. ಅದೇ ಮಾದರಿಯ ಉಳಿದ ಯೂನಿಟ್‌ಗಳನ್ನೆಲ್ಲ ಬಿಚ್ಚಿ ಬೆಸುಗೆ ಸರಿಪಡಿಸಿದರು. ಮೊದಲೇ ಆಗಬೇಕಿದ್ದ ಕೆಲಸ ಅದು.

ಸುಟ್ಟದ್ದು ಕೈಗೆ ಸಿಗದೇ ಇದ್ದಾಗಲೂ ಕಾರಣ ಹುಡುಕಬಹುದು ಅನ್ನುವುದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಅಮೆರಿಕದ ಬಾಹ್ಯಾಕಾಶ ನೌಕೆ ಅಪೋಲೊ 13. 1970ರ ಏಪ್ರಿಲ್ 13ರಂದು ಚಂದ್ರನ ದಾರಿಯಲ್ಲಿ ಅದರ ಒಂದು ಆಮ್ಲಜನಕ ಟ್ಯಾಂಕ್ ಒಡೆಯಿತು. ಆ ಟ್ಯಾಂಕ್ ಇದ್ದ ಭಾಗ ಭೂಮಿಗೆ ಮರಳಿ ಬರಲಿಲ್ಲ, ವಾತಾವರಣದಲ್ಲಿ ಉರಿದುಹೋಯಿತು. ತನಿಖೆ ಮಾಡಿದವರ ಮುಂದೆ ಇದ್ದದ್ದು ನೌಕೆಯಿಂದ ಬಂದ ಅಂಕಿಗಳು, ಹಳೆಯ ಕಾಗದಗಳು ಮತ್ತು ಅದೇ ಥರದ ಬೇರೆ ಭಾಗಗಳು. ಅಲ್ಲೂ ಶಾರ್ಟ್ ಸರ್ಕ್ಯೂಟ್ ಆಗಿತ್ತು. ಫ್ಯಾನ್‌ನ ವಯರ್‌ಗಳ ಹೊದಿಕೆ ಹಾಳಾಗಿ, ಕಿಡಿ ಹಾರಿ, ಆಮ್ಲಜನಕದ ನಡುವೆ ಹೊದಿಕೆಯೇ ಹೊತ್ತಿಕೊಂಡಿತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಹೊದಿಕೆ ಯಾಕೆ ಹಾಳಾಯಿತು ಎಂದು ಹಿಂದಕ್ಕೆ ಹೋದರು.

ಹಾರುವುದಕ್ಕೆ ಕೆಲವು ವಾರ ಮೊದಲು ನೆಲದ ಮೇಲೆ ಆ ಟ್ಯಾಂಕ್ ಸರಿಯಾಗಿ ಖಾಲಿಯಾಗಿರಲಿಲ್ಲ. ಒಳಗಿನ ಹೀಟರ್ ಹಾಕಿ ಆಮ್ಲಜನಕವನ್ನು ಕುದಿಸಿ ಹೊರಹಾಕಿದ್ದರು, ಸುಮಾರು ಎಂಟು ಗಂಟೆ ಕಾಲ. ಬಿಸಿ ಮಿತಿ ಮೀರಿದರೆ ಹೀಟರ್ ಆಫ್ ಮಾಡಲು ಥರ್ಮೋಸ್ಟಾಟ್ ಸ್ವಿಚ್ ಇತ್ತು. ಅದನ್ನು ಮಾಡಿದ್ದು 28 ವೋಲ್ಟ್‌ಗೆ. ನೆಲದ ಮೇಲಿನ ಸಪ್ಲೈ 65 ವೋಲ್ಟ್. ವೋಲ್ಟೇಜ್ ಬದಲಾಯಿಸಬೇಕು ಎಂದು ವರ್ಷಗಳ ಹಿಂದೆಯೇ ತೀರ್ಮಾನವಾಗಿತ್ತು, ಈ ಸ್ವಿಚ್ ಮಾತ್ರ ಬದಲಾಗದೆ ಉಳಿದಿತ್ತು. ಅದು ತೆರೆಯಲು ಹೋದಾಗ ಆರ್ಕ್ ಆಗಿ ಅಲ್ಲೇ ಬೆಸೆದುಕೊಂಡಿತು. ಹೀಟರ್ ಉರಿಯುತ್ತಲೇ ಇತ್ತು. ಒಳಗಿನ ಉಷ್ಣತೆ ತೋರಿಸುವ ಮೀಟರ್ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಅದು 30 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಬಂದು ನಿಂತುಬಿಡುತ್ತಿತ್ತು, ಅದಕ್ಕಿಂತ ಮೇಲೆ ತೋರಿಸುವಂತೆ ಅದನ್ನು ಮಾಡಿಯೇ ಇರಲಿಲ್ಲ. ಒಳಗೆ ಕೆಲವು ಕಡೆ 500 ಡಿಗ್ರಿ ದಾಟಿರಬಹುದು ಎಂದು ಆಮೇಲೆ ಲೆಕ್ಕ ಹಾಕಿದರು. ಅಂಥದೇ ಸ್ವಿಚ್‌ಗೆ 65 ವೋಲ್ಟ್ ಕೊಟ್ಟು ಪರೀಕ್ಷೆ ಮಾಡಿದಾಗ ಅದೂ ಬೆಸೆದುಕೊಂಡಿತು.

ಆ ಮೀಟರ್ ಬಗ್ಗೆ ಓದಿದಾಗಲೆಲ್ಲ ನನಗೆ ಪಂಪ್ ಮನೆಯ ಬೀಪ್ ನೆನಪಾಗುತ್ತದೆ. ಅದರ ಮುಂದೆ ಕೂತಿದ್ದವರು ಕೆಲಸಗಳ್ಳರಲ್ಲ. ಮುಳ್ಳು ತೋರಿಸಿದ್ದನ್ನು ಅವರು ಸರಿಯಾಗಿಯೇ ಓದಿದ್ದರು.

ಬ್ಯಾಗಿನಲ್ಲಿ ಲೆನ್ಸ್, ಟಾರ್ಚ್, ಅಳತೆಪಟ್ಟಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳು ಇರುತ್ತವೆ. ಎರಡು ವರ್ಷದಿಂದ ಒಂದು ಸಣ್ಣ ನೋಟ್‌ಬುಕ್ ಕೂಡ ಸೇರಿದೆ. ಜಾಗಕ್ಕೆ ಹೋದ ತಕ್ಷಣ ಅದರಲ್ಲಿ ಎರಡು ವಿಷಯ ಬರೆಯುತ್ತೇನೆ. ಏನೇನು ಸುಟ್ಟಿಲ್ಲ ಅನ್ನುವುದು ಮೊದಲನೆಯದು. ಯಾರ ಹತ್ತಿರ ಯಾರೂ ಮಾತಾಡಿಲ್ಲ ಅನ್ನುವುದು ಎರಡನೆಯದು.

ಆ ಪಂಪ್‌ಗೆ ಹೊಸ ಕಾಂಟ್ಯಾಕ್ಟರ್ ಬಂತು, ಫೇಸ್ ಹೋದರೆ ತಕ್ಷಣ ನಿಲ್ಲಿಸುವ ರಿಲೇ ಬಂತು, ಡಯಲ್ ಮೇಲೆ ಸೀಲ್ ಬಿತ್ತು. ಸುಮಾರು ಒಂದು ವರ್ಷ ಆದ ಮೇಲೆ ಒಂದು ಬೆಳಿಗ್ಗೆ ಫೋನ್ ಬಂತು. ಆ ಹಿರಿಯ ಆಪರೇಟರ್. "ಸಾರ್, ಸದ್ದು ಬದಲಾಗಿದೆ. ಟ್ರಿಪ್ ಏನೂ ಆಗಿಲ್ಲ. ನಾನೇ ನಿಲ್ಲಿಸಿದ್ದೀನಿ. ಒಂದ್ಸಲ ಬಂದು ನೋಡ್ತೀರಾ?"

ಹೋದೆ. ಮೋಟರ್ ಬಿಚ್ಚಿದೆವು. ಒಂದು ಬೇರಿಂಗ್ ಸವೆದಿತ್ತು, ಇನ್ನೆರಡು ದಿನ ಓಡಿದ್ದರೆ ಒಳಗೆ ತಿರುಗುವ ರೋಟರ್, ವೈಂಡಿಂಗ್ ಸುತ್ತಲಿನ ಕಬ್ಬಿಣಕ್ಕೆ ಉಜ್ಜುತ್ತಿತ್ತು. ಟಾರ್ಚ್ ಅವರ ಕೈಗೆ ಕೊಟ್ಟು ಒಳಗೆ ನೋಡಿ ಎಂದೆ. ಅವರು ಬಗ್ಗಿ, ಕಾಯಿಲ್‌ಗಳ ಗುಂಪುಗಳನ್ನು ಬೆರಳಲ್ಲಿ ಒಂದೊಂದಾಗಿ ಎಣಿಸಿದರು. ಹನ್ನೆರಡೂ ಚೆನ್ನಾಗಿದ್ದವು.